ನೀಲಾವತಿಯ ಟಿ.ವಿ.

ಟಿ.ವಿ.ಯ ವಯರಿನ ಪಿನ್ನು ಮುರಿದದ್ದು ಪಂಕಜಾಕ್ಷಿಯ ಕೈಯಿಂದಲೇ. ಅತ್ತೆಯ ಹಾಸಿಗೆಯ ಬಟ್ಟೆ ಬದಲಿಸಲೆಂದು ಅವಳು ಮಂಚವನ್ನು ಗೋಡೆಯಿಂದ ಈಚೆ ಎಳೆದಳು. ಮಂಚದ ಕಾಲಿಗೆ ಕೇಬಲ್ ವಯರು ಸುತ್ತಿಕೊಂಡದ್ದು ಅವಸರದಲ್ಲಿ ಕಾಣಲಿಲ್ಲ. ಟಿ.ವಿ. ಮೇಜಿನ ಮೇಲೆ ಒಮ್ಮೆ ಅಲುಗಿತು, ಹಿಂಬದಿಯಲ್ಲಿ ಟಕ್ಕೆಂದು ಸದ್ದಾಯಿತು. ಭಜನೆ ಹಾಡುತ್ತಿದ್ದ ಹೆಂಗಸರೆಲ್ಲ ಮಾಯವಾಗಿ, ಪರದೆಯ ತುಂಬ ಕಪ್ಪು ಬಿಳಿ ಚುಕ್ಕೆಗಳು ಗರಗರ ಎನ್ನತೊಡಗಿದವು.

"ಅಯ್ಯೋ, ಅವರೆಲ್ಲ ಎಲ್ಲಿಗೆ ಹೋದ್ರು?" ಕುರ್ಚಿಯಲ್ಲಿ ಕೂತಿದ್ದ ನೀಲಾವತಿ ಗಾಬರಿಯಿಂದ ಎದ್ದು ನಿಂತರು. "ಪಂಕಜಾ, ಅವರು ಎಲ್ಲಿಗೆ ಹೋದದ್ದು?"

"ಈಗ ಬರ್ತಾರೆ ಅತ್ತೆ, ಕೂತ್ಕೊಳ್ಳಿ."

ಆಗ ಬೆಳಗ್ಗೆ ಏಳೂವರೆ. ಎಂಟಕ್ಕೆ ಕೆಮ್ಮಾಯಿಯಲ್ಲಿ ಅವಳ ಬಸ್ಸು. ಒಂದು ದಿನ ತಡವಾದರೆ ಗೇರುಬೀಜದ ಕಾರ್ಖಾನೆಯ ಗೇಟಿನಲ್ಲೇ ವಾಪಸು ಕಳಿಸುತ್ತಿದ್ದರು.

ಮಾವ ಗುರುವಪ್ಪ ಜಗಲಿಯಿಂದ ಬಂದು ಟಿ.ವಿ.ಯ ಹಿಂದೆ ಬಗ್ಗಿ ನೋಡಿದರು. "ಪಿನ್ನು ಮುರಿದು ಒಳಗೆ ಉಳಿದಿದೆ. ಹತ್ತು ನಿಮಿಷದ ಕೆಲಸ. ನೀನು ಹೋಗು."

ಪಂಕಜಾಕ್ಷಿ ಅವರ ಕೈಯನ್ನು ನೋಡಿದಳು. ಅವಳು ನೋಡಿದ್ದು ತಿಳಿದು ಗುರುವಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಮೂವತ್ತೊಂದು ವರ್ಷ ಅವರು ಪುತ್ತೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ ಇಟ್ಟಿದ್ದರು. ಸಿಡಿಲು ಹೊಡೆದು ಸುಟ್ಟ ಸೆಟ್ಟುಗಳನ್ನು ಸುಳ್ಯದಿಂದ, ಕಡಬದಿಂದ ಜನ ಜೀಪಿನಲ್ಲಿ ಹೇರಿಕೊಂಡು ಬರುತ್ತಿದ್ದರು. ಆರು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು, ಆಮೇಲೆ ಎಡಗೈ. ಒಂದು ವರ್ಷ ಯಾರಿಗೂ ಹೇಳದೆ ನಡೆಸಿದರು. ಕೊನೆಗೊಂದು ದಿನ ಅಂಗಡಿಯ ಬೀಗದ ಕೀಲಿಯನ್ನು ಬೀಗದೊಳಗೆ ತೂರಿಸಲಾಗದೆ, ಪಕ್ಕದ ಟೈಲರನನ್ನು ಕರೆದು ಬೀಗ ಹಾಕಿಸಿ ಮನೆಗೆ ಬಂದರು. ಮತ್ತೆ ಅಂಗಡಿ ತೆರೆಯಲಿಲ್ಲ.

ನೀಲಾವತಿಯ ಮರೆವು ಶುರುವಾದದ್ದು ಅದರ ನಂತರ. ಮೊದಲು ಅನ್ನಕ್ಕೆ ಎರಡು ಸಲ ಅಕ್ಕಿ ಹಾಕಿದರು, ಆಮೇಲೆ ಮೊಮ್ಮಗಳ ಹೆಸರು ಮರೆತರು. ಇದಕ್ಕೆ ಗುಣವಾಗುವ ಮದ್ದಿಲ್ಲ ಎಂದು ಡಾಕ್ಟರು ಹೇಳಿದರು. ಟಿ.ವಿ.ಯೊಂದಿದ್ದರೆ ಮಾತ್ರ ಅವರು ಸಮಾಧಾನದಲ್ಲಿರುತ್ತಿದ್ದರು. ಧಾರಾವಾಹಿಯ ಜನರ ಜೊತೆ ಮಾತಾಡುತ್ತಿದ್ದರು, ಅಳುವ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು, ಅವರನ್ನು ನೋಡುತ್ತಲೇ ಊಟ ಮಾಡುತ್ತಿದ್ದರು. ಗುರುವಪ್ಪ ಪಕ್ಕದಲ್ಲಿ ಕೂತು ಕಾವಲು ಕಾಯುತ್ತಿದ್ದರು. ಹಾಗಾಗಿ ಪಂಕಜಾಕ್ಷಿ ಕಾರ್ಖಾನೆಗೆ, ಅವಳ ಗಂಡ ಪ್ರೇಮನಾಥ ಪಿಕಪ್ ಓಡಿಸಲು, ಮಗಳು ಪ್ರಣೀತಾ ಡಿಗ್ರಿ ಕಾಲೇಜಿಗೆ ಹೋಗಿ ಬರುವುದು ಸಾಧ್ಯವಾಗಿತ್ತು.

ಆ ದಿನ ಸಂಜೆ ಪಂಕಜಾಕ್ಷಿ ಬಸ್ಸಿಳಿದು ಬರುವಾಗ ಅತ್ತೆಯ ಕೂಗು ರಸ್ತೆಗೇ ಕೇಳುತ್ತಿತ್ತು. ಒಳಗೆ ಹೋದರೆ ಟಿ.ವಿ.ಯ ಹಿಂದಿನ ಮುಚ್ಚಳ ಬಿಚ್ಚಿ ನೆಲದ ಮೇಲಿತ್ತು. ಮಾವ ಗೋಡೆಗೆ ಒರಗಿ ಕೂತಿದ್ದರು. ಒಳಗೆ ಸಿಕ್ಕಿಕೊಂಡ ಪಿನ್ನನ್ನು ಚಿಮಟದಿಂದ ಎಳೆಯಲು ಹೋಗಿ, ಕೈ ಹಾರಿ, ಪಿನ್ನು ಸಿಕ್ಕಿಸುವ ಜಾಕೇ ಬುಡದಿಂದ ಕಿತ್ತು ಬಂದಿತ್ತು.

"ನಾಳೆ ಮಾಡ್ತೇನೆ," ಎಂದರು.

ರಾತ್ರಿಯ ಗಂಜಿಗೆ ಒಣಮೀನಿನ ಚಟ್ನಿ ಇತ್ತು. ಪ್ರೇಮನಾಥ ಎರಡು ತುತ್ತು ಉಂಡವನೇ ಹೇಳಿದ, "ಅಪ್ಪ, ಅದನ್ನು ಗುಜರಿಗೆ ಹಾಕುವ. ಕೇಬಲಿನವನಿಗೆ ಫೋನು ಮಾಡಿದೆ, ಅವನೂ ಅದನ್ನೇ ಹೇಳಿದ. ಹೊಸತು ತರ್ತೇನೆ, ಗೋಡೆಗೆ ನೇತುಹಾಕುವಂಥದ್ದು."

"ಬೇಡ. ಸೆಟ್ಟಿಗೆ ಎಂತ ಆಗಿದೆ? ಪಿಕ್ಚರ್ ಟ್ಯೂಬ್ ಇನ್ನೂ ಹೊಸತರ ಹಾಗೆ ಉಂಟು. ಒಂದು ಜಾಕ್ ಹಾಕಿದ್ರೆ ಆಯ್ತು."

"ಹಾಕುದು ಯಾರು?"

ಗುರುವಪ್ಪ ಗಂಜಿಯ ಬಟ್ಟಲಿಗೆ ಬಗ್ಗಿದರು. ಅವರ ಚಮಚ ಬಟ್ಟಲಿನ ಅಂಚಿಗೆ ಟಕಟಕ ತಾಗುತ್ತಿತ್ತು. ಪ್ರಣೀತಾ ಎದ್ದು ಹೋಗಿ ಅಜ್ಜನ ಪಕ್ಕ ಕೂತು ಚಮಚ ಹಿಡಿಯಲು ಕೈಚಾಚಿದಳು. ಅವರು ತಲೆಯಾಡಿಸಿ ಬೇಡವೆಂದರು.

ಎರಡನೆಯ ವಾರ ಪ್ರೇಮನಾಥ ಹೊಸ ಟಿ.ವಿ. ತಂದೇ ಬಿಟ್ಟ. ಹಳೆಯದನ್ನು ಮೂಲೆಯ ಕೋಣೆಗೆ ಸಾಗಿಸಿ, ಗೋಡೆಗೆ ಮೊಳೆ ಹೊಡೆದು, ಧಾರಾವಾಹಿ ಹಾಕಿ, "ಅಮ್ಮ, ನೋಡು, ನಿನ್ನ ಜನ ಎಲ್ಲ ಬಂದ್ರು," ಎಂದ.

ನೀಲಾವತಿ ಆ ತೆಳ್ಳನೆಯ ಕಪ್ಪು ಹಲಗೆಯನ್ನು ನೋಡಿದರು, ಅದು ಅಂಟಿದ್ದ ಗೋಡೆಯನ್ನು ನೋಡಿದರು. "ಇದು ಯಾರ ಮನೆ?" ಎಂದು ಕೇಳಿದರು.

"ನಮ್ಮದೇ ಅಮ್ಮ."

"ನಮ್ಮ ಟಿ.ವಿ. ಹೀಗಿಲ್ಲ. ನಮ್ಮದು ಪೆಟ್ಟಿಗೆಯ ಹಾಗೆ ಉಂಟು. ಬಂದು ತುಂಬ ಹೊತ್ತಾಯ್ತು, ಇನ್ನು ಹೋಗುವ ಮಾರಾಯ. ಮನೆಯವರಿಗೂ ತೊಂದರೆ."

ಅಂದಿನಿಂದ ಮನೆಗೆ ಹೋಗುವ ಮಾತೇ ಆಯಿತು. ಬೆಳಗ್ಗೆ ಎದ್ದವರೇ ಎರಡು ಸೀರೆ ಮಡಚಿ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸಿ ಗೇಟಿನ ಹತ್ತಿರ ನಿಲ್ಲುವರು. ಒಮ್ಮೆ ಕೆಮ್ಮಾಯಿಯ ಮನೆಗೆ, ಎಂದರೆ ಇದೇ ಮನೆಗೆ, ಹೋಗಬೇಕು ಎನ್ನುವರು, ಒಮ್ಮೆ ತವರಿಗೆ, ಮರ್ಕಂಜಕ್ಕೆ. ಗುರುವಪ್ಪ ಹೋಗಿ ರಟ್ಟೆ ಹಿಡಿದರೆ ಅವರ ಕೈಯ ನಡುಕದಿಂದಲೇ ಹೆದರಿ ಕೊಸರಿಕೊಂಡು ಓಡುವರು. ಹೊಸ ಟಿ.ವಿ.ಯನ್ನು ತೆಗೆದಿಟ್ಟರೂ ಪ್ರಯೋಜನವಾಗಲಿಲ್ಲ. ಟಿ.ವಿ.ಯಿಲ್ಲದ ಕೋಣೆಯೂ ಅವರಿಗೆ ಬೇರೆಯವರ ಕೋಣೆಯೇ ಆಗಿತ್ತು.

ಮನೆಯಲ್ಲಿ ಒಬ್ಬರು ನಿಲ್ಲಲೇಬೇಕಾಯಿತು. ಸೋಮವಾರ, ಬುಧವಾರ ಪ್ರಣೀತಾ, ಉಳಿದ ದಿನ ಪಂಕಜಾಕ್ಷಿ ಎಂದು ಮಾಡಿಕೊಂಡರು. ಅದೂ ಸಲೀಸಾಗಿ ನಡೆಯಲಿಲ್ಲ.

"ಅಮ್ಮ, ನನಗೆ ಅಟೆಂಡೆನ್ಸ್ ಶಾರ್ಟೇಜ್ ಬರ್ತದೆ. ಮೇಡಂ ಇವತ್ತು ಎಲ್ಲರ ಎದುರು ಹೇಳಿದ್ರು, ಪರೀಕ್ಷೆಗೆ ಕೂರಿಸುದಿಲ್ಲ ಅಂತ," ಎಂದಳು ಪ್ರಣೀತಾ, ದೋಸೆ ಕಾವಲಿಯ ಹತ್ತಿರ ನಿಂತು.

"ಒಂದು ವಾರ ಸುಧಾರಿಸು. ನನಗೂ ಸೂಪರ್‌ವೈಸರ್ ದಿನಾ ಕೇಳ್ತಿದ್ದಾರೆ."

"ನೀನು ಕಳೆದ ವಾರವೂ ಇದನ್ನೇ ಹೇಳಿದ್ದು."

"ಮತ್ತೆಂತ ಮಾಡುದು? ನಿನ್ನ ಅಪ್ಪನಿಗೆ ಹೇಳು, ಪಿಕಪ್ ನಿಲ್ಲಿಸಿ ಮನೆಯಲ್ಲಿ ಕೂರ್ಲಿಕ್ಕೆ!"

"ಅಪ್ಪನಿಗೆ ಹೇಳ್ಲಿಕ್ಕೆ ನಿನಗೇ ಧೈರ್ಯ ಇಲ್ಲ, ನಾನು ಹೇಳ್ಬೇಕಾ?"

ನೀರುದೋಸೆ ಕರಟಿ ಹೋಯಿತು. ಪಂಕಜಾಕ್ಷಿ ಅದನ್ನು ಕೆರೆದು ತೆಗೆದು ತನ್ನ ತಟ್ಟೆಗೇ ಹಾಕಿಕೊಂಡಳು. ಮಂಚ ಎಳೆದದ್ದು ತಾನು. ಅದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು ಎಂದು ಅವಳಿಗೆ ಅನಿಸುತ್ತಿತ್ತು.

ಮೂರನೆಯ ವಾರ ಅವಳು ಯಾರಿಗೂ ತಿಳಿಸದೆ ನೌಷಾದನ ಅಂಗಡಿಗೆ ಹೋದಳು. ನೌಷಾದ್ ಮಾವನ ಕೈಯಲ್ಲಿ ಕೆಲಸ ಕಲಿತವನು. ಈಗ ಬೊಳುವಾರಿನಲ್ಲಿ ಮೊಬೈಲು, ಸಿ.ಸಿ. ಕ್ಯಾಮರಾಗಳ ದೊಡ್ಡ ಅಂಗಡಿ ಇಟ್ಟಿದ್ದ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು.

"ಅಕ್ಕ, ಐದು ನಿಮಿಷದ ಕೆಲಸ. ಆದ್ರೆ ಗುರುವಪ್ಪಣ್ಣ ಇರುವಾಗ ಅವರ ಮನೆಯ ಸೆಟ್ ನಾನು ಮುಟ್ಟುದು ಹೇಗೆ?"

"ಅವರ ಕೈಯಲ್ಲಿ ಆಗುದಿಲ್ಲ ನೌಷಾದ್. ನಿಮಗೆ ಗೊತ್ತುಂಟಲ್ಲ."

ಮರುದಿನ ಸಂಜೆ ಅವನು ಹಳೇ ಸೆಟ್ಟೊಂದರಿಂದ ಬಿಚ್ಚಿದ ಜಾಕು, ಹೊಸ ಪಿನ್ನು ಹಿಡಿದುಕೊಂಡು, ಇತ್ತ ಬಂದಿದ್ದೆ ಎನ್ನುವವನ ಹಾಗೆ ಬಂದ. ಗುರುವಪ್ಪ ಅವನನ್ನು ಕೂರಿಸಿ ಊರ ಸುದ್ದಿಯೆಲ್ಲ ಕೇಳಿದರು. ಅಷ್ಟೂ ಹೊತ್ತು ಕೈಗಳನ್ನು ಮಡಿಲಿಗೆ ಹಾಸಿದ ಬೈರಾಸು ಟವಲಿನ ಅಡಿಯಲ್ಲಿ ಇಟ್ಟುಕೊಂಡಿದ್ದರು. ಬೈರಾಸು ಮಾತ್ರ ಅಲುಗುತ್ತಿತ್ತು.

"ಅಣ್ಣ, ಸೆಟ್ ಒಮ್ಮೆ ನೋಡ್ಲಾ?"

"ಯಾರು ಕಳಿಸಿದ್ದು ನಿನ್ನನ್ನು?"

ನೌಷಾದ್ ಪಂಕಜಾಕ್ಷಿಯ ಕಡೆ ನೋಡಲಿಲ್ಲ. "ಯಾರೂ ಇಲ್ಲ. ನಾನೇ."

"ನಾನು ಸತ್ತ ಮೇಲೆ ಬಂದು ಮಾಡು," ಎಂದರು ಗುರುವಪ್ಪ. ಆಮೇಲೆ ಸ್ವರ ತಗ್ಗಿಸಿ ಸೇರಿಸಿದರು, "ಬೇಜಾರು ಮಾಡ್ಬೇಡ ಮಾರಾಯ. ಇವಳಿಗೆ ಈ ಸೆಟ್ ತಂದು ಕೊಟ್ಟದ್ದು ನಾನು. ಇಪ್ಪತ್ತೆಂಟು ವರ್ಷ ಬೇರೆ ಯಾರೂ ಇದರ ಮುಚ್ಚಳ ಬಿಚ್ಚಲಿಲ್ಲ."

ನೌಷಾದ್ ಜಾಕು, ಪಿನ್ನುಗಳನ್ನು ಕಿಟಕಿಯ ದಂಡೆಯ ಮೇಲೆ ಇಟ್ಟು ಹೋದ. ಪಂಕಜಾಕ್ಷಿ ಗೇಟಿನವರೆಗೆ ಬಂದಳು. ಅವನು ಬೈಕು ಹತ್ತಿದ.

ಅದಾಗಿ ನಾಲ್ಕು ದಿನಕ್ಕೆ ನೀಲಾವತಿ ಕಾಣೆಯಾದರು. ಅಂದು ಪ್ರಣೀತಾಳ ಸರದಿ. ಇಂಟರ್ನಲ್ ಪರೀಕ್ಷೆ ಇದೆಯೆಂದು ಅವಳು ಅಜ್ಜನಿಗೆ ಹೇಳಿ ಎರಡು ಗಂಟೆಯ ಮಟ್ಟಿಗೆ ಕಾಲೇಜಿಗೆ ಹೋಗಿದ್ದಳು. ಅಷ್ಟರಲ್ಲಿ ಗುರುವಪ್ಪ ಬಚ್ಚಲಿಗೆ ಹೋಗಿ ಬಂದರು. ಕುರ್ಚಿ ಖಾಲಿಯಾಗಿತ್ತು, ಗೇಟು ತೆರೆದಿತ್ತು.

ಕಾರ್ಖಾನೆಯ ಆಫೀಸಿಗೆ ಫೋನು ಬಂತು. ಪಂಕಜಾಕ್ಷಿ ಅರ್ಧ ಸುಲಿದ ಬೀಜದ ತಟ್ಟೆ ಬಿಟ್ಟು ಎದ್ದಳು. "ಇದು ಈ ತಿಂಗಳಲ್ಲಿ ಎಷ್ಟನೇ ಸಲ? ಇವತ್ತು ಹೋದ್ರೆ ಇನ್ನು ಬರುದು ಬೇಡ," ಎಂದರು ಸೂಪರ್‌ವೈಸರ್. ಕೋಪದಲ್ಲಿ ಹೇಳಿದ್ದಲ್ಲ. ಅವರ ಮುಂದೆ ಕೆಲಸ ಕೇಳಿ ಬಂದ ಇಬ್ಬರು ಹುಡುಗಿಯರು ಆಗಲೇ ನಿಂತಿದ್ದರು.

ಉಪ್ಪಿನಂಗಡಿ ರಸ್ತೆಯಲ್ಲಿ ಎರಡು ಕಿಲೋಮೀಟರ್ ಆಚೆ, ಲಾರಿಗಳು ಓಡುವ ತಿರುವಿನಲ್ಲಿ, ನೀಲಾವತಿ ಸಿಕ್ಕಿದರು. ಯಾರೋ ಬಸ್ಸಿನ ಡ್ರೈವರ್ ಇಳಿದು ಬಂದು ಬದಿಯಲ್ಲಿ ಕೂರಿಸಿದ್ದ. ಕಾಲಿನ ಹೆಬ್ಬೆರಳು ಒಡೆದು ರಕ್ತ ಸುರಿಯುತ್ತಿತ್ತು. ಸೀರೆಯ ತೊಟ್ಟೆಯನ್ನು ಮಾತ್ರ ಎದೆಗೆ ಅವಚಿ ಹಿಡಿದಿದ್ದರು.

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಪ್ರೇಮನಾಥ ಹೋಟೆಲಿನಿಂದ ಪರೋಟ ಕಟ್ಟಿಸಿ ತಂದ. ಯಾರೂ ಬಿಚ್ಚಲಿಲ್ಲ.

"ಮಂಗಳೂರಿನ ಆಚೆ ಒಂದು ಆಶ್ರಮ ಉಂಟಂತೆ," ಅವನು ಅಪ್ಪನ ಮುಖ ನೋಡದೆ ಹೇಳಿದ. "ಇಂಥವರನ್ನೇ ನೋಡಿಕೊಳ್ಳುದು. ಬರುವ ಸೋಮವಾರ ಕರ್ಕೊಂಡು ಹೋಗ್ತೇನೆ. ಮಾತಾಡಿ ಆಯ್ತು."

"ಅವಳನ್ನು ಕೇಳದೆ?"

"ಯಾರನ್ನು ಕೇಳುದು ಅಪ್ಪ? ಅಮ್ಮನನ್ನಾ? ಇವತ್ತು ಲಾರಿ ಅಡಿಗೆ ಬಿದ್ದಿದ್ರೆ? ಪಂಕಜಳ ಕೆಲಸ ಹೋಯ್ತು. ಇವಳ ಪರೀಕ್ಷೆ ಹೋಗ್ತದೆ. ನಿಮ್ಮ ಕೈಯಲ್ಲಿ ಒಂದು ಪಿನ್ ಹಾಕ್ಲಿಕ್ಕೆ ಆಗುದಿಲ್ಲ, ಹಾಕುವವನನ್ನು ಹಾಕ್ಲಿಕ್ಕೆ ಬಿಡುದಿಲ್ಲ!"

ಹೇಳಿದ ಮೇಲೆ ಅವನಿಗೂ ಹೆಚ್ಚಾಯಿತು ಅನ್ನಿಸಿರಬೇಕು. ಎದ್ದು ಅಂಗಳಕ್ಕೆ ಹೋದ. ಗುರುವಪ್ಪ ಬಹಳ ಹೊತ್ತು ತಮ್ಮ ಕೈಗಳನ್ನೇ ನೋಡುತ್ತ ಕೂತರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಸೊಸೆಯನ್ನು ಮೂಲೆಯ ಕೋಣೆಗೆ ಕರೆದರು. ಹಳೇ ಟಿ.ವಿ.ಯನ್ನು ಚಾಪೆಯ ಮೇಲೆ ಬೋರಲಾಗಿಸಿ ಇಟ್ಟಿದ್ದರು. ಪಕ್ಕದಲ್ಲಿ ತಂತಿ ಬೆಸೆಯುವ ಸೋಲ್ಡರಿಂಗ್ ಐರನ್, ನೌಷಾದ್ ಇಟ್ಟುಹೋದ ಜಾಕು, ಪಿನ್ನು.

"ನಿನ್ನ ಕೈ ಕೊಡು ನೋಡುವ."

ಅವಳು ಚಾಚಿದಳು. ಹನ್ನೊಂದು ವರ್ಷ ತುದಿ ಮುರಿಯದ ಹಾಗೆ ಬೀಜದ ಸಿಪ್ಪೆ ಸುಲಿದ ಬೆರಳುಗಳು.

"ನಡುಗುದಿಲ್ಲ," ಎಂದರು ಗುರುವಪ್ಪ. "ನಾನು ಹೇಳ್ತೇನೆ, ನೀನು ಮಾಡು. ಆ ದೊಡ್ಡ ಟ್ಯೂಬಿನ ಹತ್ತಿರ ಮಾತ್ರ ಕೈ ಹಾಕ್ಬೇಡ, ಅದರಲ್ಲಿ ಕರೆಂಟ್ ನಿಂತಿರ್ತದೆ."

ಅವಳು ಸ್ಕ್ರೂ ಬಿಚ್ಚಿದಳು. ಮುರಿದ ಪಿನ್ನಿನ ಚೂರು, ಹಳೆಯ ಸೋಲ್ಡರಿನ ಗಂಟು ಎಲ್ಲವನ್ನೂ ಅವರು ಹೇಳಿದ ಹಾಗೆ ಬಿಸಿ ಮಾಡಿ ತೆಗೆದಳು. ಸುಟ್ಟ ರಾಳದ ಹೊಗೆ ಕಣ್ಣಿಗೆ ಹೊಡೆಯಿತು.

"ತಂತಿಗೆ ಮೊದಲು ಬಿಸಿ. ಈಗ ಸೋಲ್ಡರ್ ತಾಗಿಸು. ಅದೇ ಹರಿದು ಹೋಗ್ತದೆ, ನೀನು ಒತ್ತುದು ಬೇಡ. ಹಾಂ, ತೆಗಿ, ತೆಗಿ. ಊದ್ಬೇಡ. ಅದಷ್ಟಕ್ಕೇ ಆರ್ಲಿ."

ಕರಗಿದ ಲೋಹ ಬೆಳ್ಳಿಯ ಹನಿಯಂತೆ ಹೊಳೆದು, ಮಂಕಾಗದೆ ಗಟ್ಟಿಯಾಯಿತು. ಗುರುವಪ್ಪ ಬಗ್ಗಿ ನೋಡಿದರು. "ನೌಷಾದನಿಗೆ ಇಷ್ಟು ಬರ್ಲಿಕ್ಕೆ ಎರಡು ವರ್ಷ ಹಿಡಿದಿತ್ತು," ಎಂದರು. ತಿಂಗಳಿನಲ್ಲಿ ಅವರು ನಕ್ಕದ್ದು ಅದೇ ಮೊದಲು.

ಪ್ರೇಮನಾಥ ಬಂದು ಟಿ.ವಿ.ಯನ್ನು ಹೊತ್ತು ಹಳೇ ಮೇಜಿನ ಮೇಲೆ, ಜಗಲಿಯ ಕಿಟಕಿಗೆ ಬೆನ್ನು ಮಾಡಿ ಇಟ್ಟ. ಪಂಕಜಾಕ್ಷಿ ಹೊಸ ಪಿನ್ನು ಹಾಕಿದ ವಯರು ಸಿಕ್ಕಿಸಿದಳು. ಪರದೆ ಮೊದಲು ನೀಲಿಯಾಯಿತು, ಆಮೇಲೆ ಒಬ್ಬಳು ಹೆಂಗಸು ಕಣ್ಣೀರು ಒರೆಸಿಕೊಳ್ಳುತ್ತ ಬಂದಳು.

ಪ್ರಣೀತಾ ಅಜ್ಜಿಯ ಕೈ ಹಿಡಿದು ಕರೆತಂದಳು. ನೀಲಾವತಿ ಬಾಗಿಲಲ್ಲೇ ನಿಂತು ನೋಡಿದರು. ಮುಖ ಅರಳಿತು. "ಓ, ಬಂದ್ರಲ್ಲ! ಎಲ್ಲಿಗೆ ಹೋಗಿದ್ದದ್ದು ನೀವು?" ಎನ್ನುತ್ತ ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಪ್ರೇಮನಾಥ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಆಮೇಲೆ ನೀಲಾವತಿಯ ದೃಷ್ಟಿ ಮೇಜಿನ ಪಕ್ಕ ನಿಂತಿದ್ದ ಗುರುವಪ್ಪನ ಮೇಲೆ ಬಿತ್ತು. ಅವರ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ನೀಲಾವತಿ ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಂಡರು.

"ದೊಡ್ಡ ಉಪಕಾರ ಆಯ್ತು ಮಾರಾಯ್ರೆ. ಎಷ್ಟು ದಿನ ಆಗಿತ್ತು ಹಾಳಾಗಿ! ಪಂಕಜಾ, ಇವರಿಗೊಂದು ಚಾ ಮಾಡು. ನಮ್ಮವರಿಗೂ ಇದೇ ಕೆಲಸ. ಪುತ್ತೂರಲ್ಲಿ ಅಂಗಡಿ ಉಂಟು. ಅವರಿಗೆ ಪುರುಸೊತ್ತಿಲ್ಲ, ಹಾಗೆ ನಿಮ್ಮನ್ನು ಕರೆಸಿದ್ದು."

"ಅಜ್ಜೀ," ಎಂದಳು ಪ್ರಣೀತಾ. "ಇದು ಅಜ್ಜ ಅಲ್ವ?"

"ಸುಮ್ಮನಿರು. ಬಂದವರಿಗೆ ಹಾಗೆಲ್ಲ ಹೇಳ್ಬಾರ್ದು."

ಪಂಕಜಾಕ್ಷಿ ಚಹಾ ಮಾಡಿ ತಂದಳು. ಬೇರೇನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಗುರುವಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು. ಅರ್ಧ ಪಂಚೆಯ ಮೇಲೆ ಚೆಲ್ಲಿತು. ನೀಲಾವತಿ ಮರುಕದಿಂದ ನೋಡುತ್ತಿದ್ದರು. "ಪಾಪ, ಕೈ ನಡುಗ್ತದಲ್ಲ ನಿಮಗೆ. ಮದ್ದು ಮಾಡ್ತಿಲ್ವ?"

"ಮಾಡ್ತಿದ್ದೇನೆ," ಎಂದರು ಗುರುವಪ್ಪ.

ಕತ್ತಲಾಗುವ ಹೊತ್ತಿಗೆ ನೀಲಾವತಿ ಸೊಸೆಯನ್ನು ಹತ್ತಿರ ಕರೆದು ಪಿಸುಗುಟ್ಟಿದರು, "ಅವರು ಇನ್ನೂ ಹೋಗ್ಲಿಲ್ವ? ಗಂಡಸರಿಲ್ಲದ ಹೊತ್ತಲ್ಲಿ ಹೀಗೆ ಕೂತ್ರೆ ಜನ ಎಂತ ಹೇಳಿಯಾರು?" ಗುರುವಪ್ಪನಿಗೆ ಕೇಳಿಸಿತು. ಅವರು ಎದ್ದು ಜಗಲಿಗೆ ಹೋದರು. ಆಮೇಲೆ ಅವರ ಹಾಸಿಗೆಯೂ ಜಗಲಿಗೆ ಹೋಯಿತು, ಊಟವೂ.

ಟಿ.ವಿ. ಸರಿಯಾದ್ದರಿಂದ ಆಶ್ರಮದ ಮಾತು ನಿಂತಿತು. ಬೇರೆ ಯಾವುದೂ ಸರಿಯಾಗಲಿಲ್ಲ. ಅತ್ತೆಯ ಪಕ್ಕ ಮಾವ ಕೂರುವಂತಿರಲಿಲ್ಲವಾದ್ದರಿಂದ ಪಂಕಜಾಕ್ಷಿ ಮನೆಯಲ್ಲೇ ನಿಲ್ಲಬೇಕಾಯಿತು. ಒಮ್ಮೆ ಕಾರ್ಖಾನೆಗೆ ಹೋಗಿ ಮತ್ತೆ ಕೆಲಸ ಕೇಳಿದಳು. ಅವಳ ಜಾಗದಲ್ಲಿ ಕೂತ ಹುಡುಗಿ ತಲೆ ತಗ್ಗಿಸಿ ಬೀಜ ಸುಲಿಯುತ್ತಿದ್ದಳು. ಪ್ರಣೀತಾಳ ಹೆಸರು ಪರೀಕ್ಷೆಯ ಪಟ್ಟಿಯಲ್ಲಿ ಬರಲಿಲ್ಲ. ಅವಳು ಮನೆಯಲ್ಲಿ ಯಾರನ್ನೂ ಬೈಯಲಿಲ್ಲ, ಮಾತು ಕಡಿಮೆ ಮಾಡಿದಳು ಅಷ್ಟೇ.

ಒಂದು ಮಧ್ಯಾಹ್ನ ಟಿ.ವಿ. ಇದ್ದಕ್ಕಿದ್ದಂತೆ ಗರಗರ ಎಂದಿತು. "ಪಂಕಜಾ, ಆ ಮೆಕ್ಯಾನಿಕ್‌ನವರನ್ನು ಕರಿ!" ಎಂದರು ಅತ್ತೆ. ಗುರುವಪ್ಪ ಶರ್ಟು ಹಾಕಿಕೊಂಡು, ತಲೆ ಬಾಚಿಕೊಂಡು, ಚಪ್ಪಲಿ ಹೊರಗೆ ಕಳಚಿಟ್ಟು ಬಂದರು. ಹಿಂದೆ ಬಗ್ಗಿ, ಮೊಣಕೈಯನ್ನು ಮೇಜಿಗೆ ಊರಿ, ಬಹಳ ಹೊತ್ತು ಏನೋ ಮಾಡಿದರು, ಕೊನೆಗೆ ಸರಿಯಾಯಿತು. ಚಹಾ ಕುಡಿಯುವಷ್ಟು ಹೊತ್ತು ಕೂತರು.

"ನಿಮಗೆ ಮನೆಯಲ್ಲಿ ಯಾರೆಲ್ಲ ಇದ್ದಾರೆ?" ನೀಲಾವತಿ ಕೇಳಿದರು.

"ಹೆಂಡತಿ ಇದ್ದಾಳೆ."

"ಹುಷಾರಾಗಿದ್ದಾರಾ?"

"ಇಲ್ಲ," ಎಂದರು. "ಹುಷಾರಿಲ್ಲ."

ಎರಡು ದಿನ ಬಿಟ್ಟು ಮತ್ತೆ ಹಾಗೆಯೇ ಆಯಿತು. ಅಂಗಳದಲ್ಲಿ ಬಟ್ಟೆ ಹರಗುತ್ತಿದ್ದ ಪಂಕಜಾಕ್ಷಿ ಜಗಲಿಯ ಕಡೆ ತಿರುಗಿ ನೋಡಿದಳು. ಮಾವ ಕಿಟಕಿಯ ಸರಳುಗಳ ಎಡೆಯಿಂದ ಕೈ ತೂರಿಸಿ ಟಿ.ವಿ.ಯ ಹಿಂದಿನ ಪಿನ್ನನ್ನು ಎಳೆಯುತ್ತಿದ್ದರು. ಅವಳು ಬಟ್ಟೆಯ ಮರೆಗೆ ಸರಿದು ನಿಂತಳು. ಯಾರಿಗೂ ಹೇಳಲಿಲ್ಲ. ವಾರಕ್ಕೆ ಎರಡು ಸಲ, ಮೂರು ಸಲ ಟಿ.ವಿ. ಕೆಡುತ್ತಿತ್ತು. ಅವಳು ಚಹಾಕ್ಕೆ ನೀರಿಡುತ್ತಿದ್ದಳು.

ಹಾಗೆ ಒಂದು ತಿಂಗಳು ನಡೆಯಿತು. ಒಂದು ಗುರುವಾರ ಮಧ್ಯಾಹ್ನ ಅವಳು ಅಡಿಗೆಮನೆಯಲ್ಲಿ ಬಸಳೆ ಹೆಚ್ಚುತ್ತಿದ್ದಾಗ ಗರಗರ ಸದ್ದು ಕೇಳಿಸಿತು. ಎದ್ದು ನೀರಿಟ್ಟಳು. ಅತ್ತೆಯ ಕರೆ ಬರಲಿಲ್ಲ. ನೀರು ಕುದಿಯಿತು, ಒಲೆ ಆರಿಸಿದಳು. ಆಗಲೂ ಬರಲಿಲ್ಲ.

ಹೋಗಿ ನೋಡಿದರೆ ನೀಲಾವತಿ ಕುರ್ಚಿಯಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದರು. ಪರದೆಯಲ್ಲಿ ಚುಕ್ಕೆಗಳು ಕುಣಿಯುತ್ತಿದ್ದವು. ಅವರು ಅವುಗಳನ್ನೇ ನೋಡುತ್ತಿದ್ದರು.

"ಅತ್ತೆ, ಟಿ.ವಿ. ಹಾಳಾಯ್ತಲ್ಲ. ಮೆಕ್ಯಾನಿಕ್‌ನವರನ್ನು ಕರೀಲಾ?"

ನೀಲಾವತಿ ಅವಳ ಕಡೆ ತಿರುಗಲಿಲ್ಲ.

"ಅತ್ತೆ?"

"ಸರಿ ಉಂಟಲ್ಲ," ಎಂದರು ಪರದೆಯಿಂದ ಕಣ್ಣು ತೆಗೆಯದೆ.

ಬಾಗಿಲ ಹೊರಗೆ ಗುರುವಪ್ಪ ಶರ್ಟು ಹಾಕಿಕೊಂಡು, ಚಪ್ಪಲಿ ಕಳಚಿ ನಿಂತಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಸರಳುಗಳ ಎಡೆಯಿಂದ ಕೈ ತೂರಿಸಿ, ಪಿನ್ನನ್ನು ಹಿಡಿದು ಜಾಕಿಗೆ ಸೇರಿಸಲು ನೋಡಿದರು. ಪಿನ್ನು ತೂತಿನ ಸುತ್ತ ಟಕಟಕ ಬಡಿಯಿತು, ಒಳಗೆ ಹೋಗಲಿಲ್ಲ. ಮತ್ತೆ ನೋಡಿದರು. ಮತ್ತೆ.

ಪಂಕಜಾಕ್ಷಿ ಒಳಗಿನಿಂದ ಮೇಜಿನ ಹಿಂದೆ ಹೋಗಿ, ಅವರ ಬೆರಳುಗಳಿಂದ ಪಿನ್ನನ್ನು ಬಿಡಿಸಿಕೊಂಡು ಸಿಕ್ಕಿಸಿದಳು. ಕೋಣೆಯಲ್ಲಿ ಮನುಷ್ಯರ ಮಾತು ಶುರುವಾಯಿತು, ಯಾರೋ ಯಾರಿಗೋ ಬೈಯುತ್ತಿದ್ದರು. ಚುಕ್ಕೆಗಳನ್ನು ನೋಡುತ್ತಿದ್ದ ಹಾಗೆಯೇ ನೀಲಾವತಿ ಟಿ.ವಿ.ಯ ಆ ಜನರನ್ನೂ ನೋಡುತ್ತ ಕೂತರು.